ಅಂಕೋಲಾದಿಂದ ಮಡಗಾಂವಿಗೆ ಒಂದು ಪಿಕಪ್ ಕಟ್ಟಿಗೆ

ಗೋವಾಕ್ಕೆ ಮೂರು ದಿನ ಸುತ್ತಲು ಹೋಗುವುದು. ಗಾಡಿ ಸುಮ್ನೆ ಖಾಲಿ ಯಾಕೆ ಹೋಗಬೇಕು, ಕಟ್ಟಿಗೆ ತುಂಬಿಕೊಂಡು ಹೋಗಿ ಅಲ್ಲಿ ಮಾರುವುದು, ಆ ದುಡ್ಡಲ್ಲೇ ರೂಮು, ಊಟ, ಡೀಸೆಲ್ ಎಲ್ಲ ಕಳೆಯುವುದು. ಇದು ಶಿರಸಿಯಲ್ಲಿರುವ ನನ್ನ ಭಾವನ ಲೆಕ್ಕ. ಅವನ ಹತ್ತಿರ ಪಿಕಪ್ ಇದೆ, ನಮ್ಮ ಹತ್ತಿರ ಅಂಕೋಲಾ ಕಡೆ ಸಮುದ್ರದ ಬದಿ ಮರಳು ಜಾಗದಲ್ಲಿ ಅಪ್ಪ ನೆಟ್ಟ ಗಾಳಿ ಮರಗಳಿವೆ, ಹೋದ ವರ್ಷ ಕಡಿಸಿ ಒಟ್ಟಿದ್ದು ಹಾಗೇ ಬಿದ್ದಿತ್ತು. ಕೇಳಲು ಚಂದ ಇತ್ತು. ಫೆಬ್ರವರಿಯಲ್ಲಿ ಹೋಗಿ ಬಂದೆವು. ಆಮೇಲೆ ನಾಲ್ಕೈದು ಜನ "ನಾವೂ ಹೋಗುವಾ ಅಂತಿದ್ದೇವೆ, ಹೇಗೆ ಏನು?" ಅಂತ ಕೇಳಿದರು. ಒಬ್ಬೊಬ್ಬರಿಗೆ ಹೇಳುವ ಬದಲು ಬರೆದೇ ಬಿಡುತ್ತೇನೆ.

ಮೊದಲು ಯಾವ ಕಟ್ಟಿಗೆ ಅನ್ನುವುದು. ಗಾಳಿ ಮರ ಒಂದೇ ಸಾಕು, ಬೇರೆ ಯಾವುದನ್ನೂ ಮುಟ್ಟಬೇಡಿ. ಈ ಮರ ನಮ್ಮ ಕಡೆಗೆ ಬಂದದ್ದೇ ಉರಿಸಲಿಕ್ಕೆ. 1868ರಲ್ಲಿ ಕಾರವಾರ ಭಾಗದಲ್ಲಿ ಸೌದೆಗಾಗಿ ಇದನ್ನು ತಂದು ನೆಟ್ಟರು, ಆಮೇಲೆ ಕರಾವಳಿ ತುಂಬ ಹಬ್ಬಿತು. ಬಲವಾದ ಮರ, ತೂಕ ಬರುತ್ತದೆ, ಬೆಂಕಿ ಜೋರು, ಅರ್ಧ ಹಸಿ ಇದ್ದರೂ ಹತ್ತಿಕೊಳ್ಳುತ್ತದೆ. ಗಡಿ ದಾಟಿದರೆ ಇದನ್ನೇ ಸುರು ಅಂತಾರೆ, ಹೆಸರು ಹೇಳಿದ ಕೂಡಲೇ ಅಲ್ಲಿನವರಿಗೆ ಗೊತ್ತಾಗುತ್ತದೆ. ಕಾನೂನಿನ ಕಡೆಯಿಂದಲೂ ಹಗುರ. 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ಗಾಳಿ ಮರ, ತೆಂಗು, ನೀಲಗಿರಿ, ಸಿಲ್ವರ್ ಓಕ್ ಇಂಥ ಕೆಲವನ್ನು ಕಡಿಯುವ ಅನುಮತಿಯಿಂದ ಹೊರಗಿಟ್ಟಿದ್ದಾರೆ. ಆದರೆ ಅದು ಕಡಿಯುವ ಮಾತು. ಸಾಗಿಸುವುದು ಬೇರೆ ಮಾತು, ಅದಕ್ಕೆ ಆಮೇಲೆ ಬರುತ್ತೇನೆ.

ಘಟ್ಟದ ಮೇಲಿನವರಿಗೆ ಒಂದು ಮಾತು. ನಿಮ್ಮ ಸೊಪ್ಪಿನ ಬೆಟ್ಟದಲ್ಲಿ, ಅಂದರೆ ಅಡಿಕೆ ತೋಟದವರಿಗೆ ಸರ್ಕಾರ ಬಿಟ್ಟುಕೊಟ್ಟ ಕಾಡಿನಲ್ಲಿ, ಒಣಗಿದ ಮರ ಎಷ್ಟು ಬೇಕಾದರೂ ಬಿದ್ದಿರಬಹುದು, ಅದನ್ನು ಗಾಡಿಗೆ ಹಾಕಬೇಡಿ. ಬೆಟ್ಟ ಕೊಟ್ಟಿದ್ದು ತೋಟಕ್ಕೆ ಸೊಪ್ಪು ಮತ್ತು ಮನೆಯ ಒಲೆಗೆ ಕಟ್ಟಿಗೆ ಅಂತ. ಮಾರಲಿಕ್ಕಲ್ಲ. "ಎಲ್ಲರೂ ಮಾಡ್ತಾರೆ" ಅನ್ನುವವರು ಇದ್ದಾರೆ, ಮಾಡಲಿ ಬಿಡಿ. ರಾಜ್ಯದ ಗಡಿಯಲ್ಲಿ ಗಾಡಿ ನಿಲ್ಲಿಸಿದಾಗ ಅವರು ಬಂದು ಬಿಡಿಸುವುದಿಲ್ಲ ಅಲ್ವಾ? ನಾವು ಸಿಕ್ಕಿಬಿದ್ದದ್ದೂ ಬೆಟ್ಟದ ಮರದಿಂದಲೇ, ಅದೂ ನಾಲ್ಕೇ ನಾಲ್ಕು ತುಂಡಿಗೆ.

ಎರಡನೆಯದು, ಕೊಳ್ಳುವವನು. ಅಲ್ಲಿ ಹೋಗಿ ಹುಡುಕಿದರಾಯ್ತು ಅಂದುಕೊಂಡರೆ ಕೆಟ್ಟಿರಿ. ಗೋವಾದಲ್ಲಿ ಕಟ್ಟಿಗೆ ಯಾರಿಗೆ ಬೇಕು ಅಂದರೆ ಮುಖ್ಯವಾಗಿ ಪಾವ್ ಸುಡುವ ಹಳೇ ಭಟ್ಟಿಗಳಿಗೆ. ರಾತ್ರಿ ಹೊತ್ತು ಒಲೆ ಹತ್ತಿಸುತ್ತಾರೆ, ಬೆಳಗಾಗುವುದರೊಳಗೆ ಸೈಕಲ್ ಮೇಲೆ ಪಾವ್, ಪೊಯಿ ಹೊರಡುತ್ತದೆ. ಇನ್ನೊಂದು ಮಾರ್ಚ್‌ನಿಂದ ಮೇವರೆಗೆ ಗೇರುಹಣ್ಣಿನ ಫೆನ್ನಿ ಕಾಯಿಸುವವರು, ಅವರಿಗೂ ಕಟ್ಟಿಗೆ ಜಾಸ್ತಿ ಬೇಕು, ಆದರೆ ಒಳಗಿನ ಹಳ್ಳಿಗಳಲ್ಲಿ ಇರುತ್ತಾರೆ, ಹೊಸಬರಿಗೆ ಸಿಗುವುದು ಕಷ್ಟ. ಬೇಕರಿಗಳಲ್ಲೂ ಕೆಲವರು ಕರೆಂಟಿನ ಒಲೆಗೆ ಹೋಗಿದ್ದಾರೆ. ಮುಂಬೈಯಲ್ಲಂತೂ 2025ರ ಜನವರಿಯಲ್ಲಿ ಹೈಕೋರ್ಟ್ ಕಟ್ಟಿಗೆ, ಕಲ್ಲಿದ್ದಲಿನ ಬೇಕರಿಗಳು ಬದಲಾಗಬೇಕು ಅಂತ ಹೇಳಿದೆ. ಹಾಗಾಗಿ ಫೋನ್ ಮಾಡಿ, ಎಷ್ಟು ಉದ್ದ ಬೇಕು, ಎಷ್ಟು ದಪ್ಪ ಬೇಕು, ಕೆಜಿಗೆ ಎಷ್ಟು, ಯಾವ ಹೊತ್ತಿಗೆ ಬರಬೇಕು ಎಲ್ಲ ಕೇಳಿಕೊಂಡು ಆಮೇಲೆ ಕೊಡಲಿ ಎತ್ತಿ. ನಮ್ಮ ಗುರುತಿನ ಕಾರವಾರದವರೊಬ್ಬರ ಮೂಲಕ ಮಡಗಾಂವಿನ ಹತ್ತಿರದ ಒಂದು ಭಟ್ಟಿ ಸಿಕ್ಕಿತ್ತು. ಅವರು ಹೇಳಿದ್ದು ಮೂರು ಅಡಿ ಉದ್ದ, ಮುಂಗೈ ದಪ್ಪ, ದಪ್ಪ ಇದ್ದರೆ ಸೀಳಿರಬೇಕು. ನಮ್ಮದು ನಾಲ್ಕು ಅಡಿ ಇತ್ತು. ಎಲ್ಲ ಮತ್ತೆ ಕೊಯ್ಸಬೇಕಾಯ್ತು.

ಈಗ ಕಾಗದ. ಜಾಗದ ಪಹಣಿ ತೆಗೆಸಿ, ಕಟ್ಟಿಗೆಯ ರಾಶಿಯ ಫೋಟೋ ಹಿಡಿದುಕೊಂಡು ಅರಣ್ಯ ಇಲಾಖೆಯ ನಿಮ್ಮ ರೇಂಜ್ ಆಫೀಸಿಗೆ ಹೋಗಿ, ಇಂಥ ಮರ, ಇಷ್ಟು ತೂಕ, ಇಂಥ ಗಾಡಿ, ಇಲ್ಲಿಂದ ಅಲ್ಲಿಗೆ ಅಂತ ಹೇಳಿ. 2023ರ ಡಿಸೆಂಬರ್ ಕೊನೆಯಿಂದ ಇಡೀ ದೇಶಕ್ಕೆ ಒಂದೇ ಆನ್‌ಲೈನ್ ಸಾಗಾಟ ಪಾಸಿನ ವ್ಯವಸ್ಥೆ ಬಂದಿದೆ. ಪರವಾನಗಿ ಬೇಕಾದ ಮರಕ್ಕೆ ಅವರು ನೋಡಿ ಪಾಸು ಕೊಡುತ್ತಾರೆ, ವಿನಾಯಿತಿ ಇರುವ ಮರಕ್ಕೆ ನಿರಾಕ್ಷೇಪಣಾ ಪತ್ರವನ್ನು ನಾವೇ ತೆಗೆದುಕೊಳ್ಳಬಹುದು. ಆದರೂ ಆಫೀಸಿಗೆ ಒಮ್ಮೆ ಮುಖ ತೋರಿಸಿ ಬನ್ನಿ. ಆ ಕಾಗದದಲ್ಲಿ ಗಾಡಿ ನಂಬರ್ ಇರುತ್ತದೆ, ಕೊನೇ ಗಳಿಗೆಯಲ್ಲಿ ಗಾಡಿ ಬದಲಿಸಿದರೆ ಕಾಗದ ಕಸಕ್ಕೆ ಹಾಕಬೇಕು. ಸೌದೆಗೆ ಜಿಎಸ್‌ಟಿ ಇಲ್ಲ, ಇ-ವೇ ಬಿಲ್ಲೂ ಬೇಡ. ಆದರೆ ಯಾರಿಂದ ಯಾರಿಗೆ, ಎಷ್ಟು ಕೆಜಿ, ಎಷ್ಟು ರೂಪಾಯಿ ಅಂತ ಒಂದು ಸಾದಾ ಬಿಲ್ ಬರೆದಿಟ್ಟುಕೊಳ್ಳಿ, ನಾವು ಬರೆದಿದ್ದು ಎರಡು ಕಡೆ ಉಪಯೋಗಕ್ಕೆ ಬಂತು. ಎಲ್ಲದರದ್ದೂ ಮೂರು ಜೆರಾಕ್ಸ್ ಇರಲಿ. ಮೊಬೈಲಲ್ಲಿದೆ ಅಂತ ಹೇಳಿದರೆ ನೋಡುವವರ ಮುಖ ಗಂಟಾಗುತ್ತದೆ.

ಗಾಡಿಯ ವಿಷಯ. ಆರ್‌ಸಿಯಲ್ಲಿ ಒಟ್ಟು ತೂಕ ಅಂದರೆ ಜಿವಿಡಬ್ಲ್ಯು 3000 ಕೆಜಿ ಒಳಗಿದ್ದರೆ ಸರಕು ಗಾಡಿಗೆ ಪರ್ಮಿಟ್ ಬೇಕಿಲ್ಲ. ಅದಕ್ಕಿಂತ ಜಾಸ್ತಿ ಇದ್ದರೆ ಹೊರರಾಜ್ಯಕ್ಕೆ ಹೋಗುವ ಪರ್ಮಿಟ್ ಇದೆಯಾ ನೋಡಿ. ಬಿಳಿ ಬೋರ್ಡಿನ ಸ್ವಂತ ಗಾಡಿಯಲ್ಲಿ ಈ ಸಾಹಸ ಮಾಡಬೇಡಿ. ತೂಕಕ್ಕೆ ಮಾತ್ರ ಆಸೆ ಮಾಡಲೇಬೇಡಿ. ಓವರ್‌ಲೋಡಿಗೆ ದಂಡ 20,000 ರೂಪಾಯಿ, ಮೇಲೆ ಜಾಸ್ತಿ ಇರುವ ಪ್ರತಿ ಟನ್ನಿಗೆ 2,000. ಕಟ್ಟಿಗೆ ಬದಿಗೋ ಹಿಂದಕ್ಕೋ ಚಾಚಿಕೊಂಡಿದ್ದರೂ ಅದೇ 20,000. ಇಡೀ ಲೋಡ್ ಮಾರಿದರೂ ಅಷ್ಟು ಬರುವುದಿಲ್ಲ! ಭಾವ "ಇನ್ನೂ ಎರಡು ಸಾಲು ಹಿಡೀತದೆ ಮಾರಾಯ" ಅನ್ನುತ್ತಲೇ ಇದ್ದ. ನಾನು ತೂಕ ಮಾಡಿಸದೆ ಹೊರಡುವುದಿಲ್ಲ ಅಂತ ಕೂತೆ. ವೇಬ್ರಿಜ್‌ನಲ್ಲಿ ಕಟ್ಟಿಗೆ 1,140 ಕೆಜಿ ಬಂತು, ಗಾಡಿಯ ಮಿತಿ 1,200. ಆ ಎರಡು ಸಾಲು ಹಾಕಿದ್ದರೆ ಕತೆ ಮುಗಿಯುತ್ತಿತ್ತು.

ತುಂಬುವಾಗ ಕೈಗೆ ಚೀಲವೋ ಗ್ಲೌಸೋ ಹಾಕಿಕೊಳ್ಳಿ. ವರ್ಷ ಒಟ್ಟಿದ ಕಟ್ಟಿಗೆಯಲ್ಲಿ ಚೇಳು ಇರುತ್ತದೆ. ನಮಗೆ ಅಡಿ ಸಾಲಿನಲ್ಲಿ ಎರಡು ಸಿಕ್ಕವು. ಅಡಿ ಸಾಲಿಗೆ ಒರಲೆಯೂ ಹತ್ತಿತ್ತು, ಅದನ್ನು ಅಲ್ಲೇ ಬಿಟ್ಟೆವು. ಒರಲೆ ಮಣ್ಣು ಮೆತ್ತಿದ ಒಂದು ತುಂಡು ಕಂಡರೂ ಕೊಳ್ಳುವವನು ಇಡೀ ಲೋಡ್ ಬೇಡ ಅನ್ನಬಹುದು. ಅವನ ಗೋದಾಮಿನಲ್ಲಿ ಬೇರೆ ಕಟ್ಟಿಗೆ ಇರುತ್ತದಲ್ಲ, ಅದಕ್ಕೂ ಹತ್ತುತ್ತದೆ ಅಂತ ಅವನಿಗೆ ಹೆದರಿಕೆ.

ದಾರಿ ಸುಲಭ. ಭಾವ ಖಾಲಿ ಗಾಡಿ ತೆಗೆದುಕೊಂಡು ಶಿರಸಿಯಿಂದ ದೇವಿಮನೆ ಘಟ್ಟ ಇಳಿದು, ಕುಮಟಾ ಮೇಲೆ ಬಂದ. ಶಿರೂರಿನ ಹತ್ತಿರ ಎಲ್ಲರೂ ನಿಧಾನ ಮಾಡುತ್ತಾರೆ, ನಾವೂ ಮಾಡುತ್ತೇವೆ. 2024ರ ಜುಲೈ 16ರಂದು ಗುಡ್ಡ ಕುಸಿದು ಗಂಗಾವಳಿಗೆ ಬಿದ್ದ ಲಾರಿಯಲ್ಲಿ ಇದ್ದದ್ದೂ ಮರವೇ. ಲಾರಿ ನೀರಿನಿಂದ ಮೇಲೆ ಬರುವಾಗ ಸೆಪ್ಟೆಂಬರ್ ಆಗಿತ್ತು. ಅದಕ್ಕೇ ಹೇಳುವುದು, ಮಳೆಗಾಲದಲ್ಲಿ ಈ ಕೆಲಸ ಬೇಡವೇ ಬೇಡ. ಕಟ್ಟಿಗೆಯೂ ನೆನೆಯುತ್ತದೆ, ರಸ್ತೆಯದ್ದೂ ಭರವಸೆ ಇಲ್ಲ. ಜನವರಿಯಿಂದ ಏಪ್ರಿಲ್ ಒಳಗೆ ಮುಗಿಸಿ, ಮಳೆಗಾಲಕ್ಕೆ ಸಂಗ್ರಹ ಮಾಡುವ ಹೊತ್ತೂ ಅದೇ.

ಅಂಕೋಲಾ ಬಿಟ್ಟ ಮೇಲೆ ಹಟ್ಟಿಕೇರಿಯಲ್ಲಿ ಟೋಲ್. ಅಲ್ಲಿಂದ ಮುಂದೆ ಅರ್ಗಾ ಕಡೆ ನೌಕಾನೆಲೆಯ ಕಂಪೌಂಡ್ ಬರುತ್ತದೆ, ಅಲ್ಲಿ ಗಾಡಿ ನಿಲ್ಲಿಸಿ ಹಗ್ಗ ಬಿಗಿಯುವುದು, ಫೋಟೋ ಹೊಡೆಯುವುದು ಮಾಡಬೇಡಿ. ಹಗ್ಗ ಹತ್ತಿಪ್ಪತ್ತು ಕಿಲೋಮೀಟರ್ ಓಡಿದ ಮೇಲೆ ಸಡಿಲ ಆಗೇ ಆಗುತ್ತದೆ, ಅದಕ್ಕೆ ಟೋಲ್ ದಾಟಿದ ಕೂಡಲೇ ಬಿಗಿದುಬಿಡಿ. ಕಾರವಾರದಲ್ಲಿ ರಾತ್ರಿ ಉಳಿದೆವು. ಬೆಳಗ್ಗೆ ಆರಕ್ಕೆ ಕಾಳಿ ಸೇತುವೆ. ಹಳೇ ಸೇತುವೆ 2024ರ ಆಗಸ್ಟ್‌ನಲ್ಲಿ ನಡುರಾತ್ರಿ ಕುಸಿದ ಮೇಲೆ ಹೋಗುವ ಬರುವ ಗಾಡಿಗಳೆಲ್ಲ ಒಂದರ ಮೇಲೇ. ಬೇಗ ಹೊರಟರೆ ಒಳ್ಳೆಯದು.

ಆಮೇಲೆ ಆದದ್ದು ಕೇಳಿ. ದಾರಿಯ ಒಂದು ತಪಾಸಣೆ ಗೇಟಿನಲ್ಲಿ ಕೈ ತೋರಿಸಿದರು. ಯಾವುದು ಅಂತ ಬೇಡ. ಕಾಗದ ಕೊಟ್ಟೆವು. ಆ ಮನುಷ್ಯ ಕಾಗದ ನೋಡಿದ್ದು ಅರ್ಧ ನಿಮಿಷ. ಆಮೇಲೆ ಗಾಡಿಯ ಸುತ್ತ ಬಂದ, ಜೇಬಿನಿಂದ ಬೈಕಿನ ಕೀ ತೆಗೆದು ಕಟ್ಟಿಗೆಯ ಸಿಪ್ಪೆ ಕೆರೆದು ನೋಡಿದ, ಒಂದು, ಎರಡು, ಮೂರು ಕಡೆ. ಎಲ್ಲ ಗಾಳಿ ಮರವೇ. ನಮಗೆ ಸಮಾಧಾನ. ಅಷ್ಟರಲ್ಲಿ ಅವನು ಹಿಂದಿನ ಮೂಲೆಯ ಗೂಟಕ್ಕೆ ಕೀ ಹಚ್ಚಿದ. ಲೋಡ್ ಜಾರಬಾರದು ಅಂತ ನಾಲ್ಕು ಮೂಲೆಗೆ ನಿಲ್ಲಿಸಿದ ಗೂಟಗಳು, ಭಾವನ ಗಾಡಿಯಲ್ಲಿ ಎರಡು ವರ್ಷದಿಂದ ಇದ್ದವು, ಎಣ್ಣೆ, ಧೂಳು ಹಿಡಿದು ಕರ್ರಗಾಗಿದ್ದವು. ಕೆರೆದರೆ ಒಳಗೆ ಬೇರೆ ಬಣ್ಣ.

"ಇದು ಮತ್ತಿ ಅಲ್ವಾ?"

ಮತ್ತಿ ಅಂದರೆ ಕಾಡಿನ ಮರ. ಭಾವ ಸತ್ಯವಂತ, "ಹೌದು, ನಮ್ಮ ಬೆಟ್ಟದ್ದು" ಅಂದುಬಿಟ್ಟ.

ಮೂರು ಗಂಟೆ. ಗೂಟ ಗಾಡಿಯ ಸಾಮಾನೋ, ಮಾರುವ ಮಾಲೋ ಅನ್ನುವ ವಿಚಾರಣೆ. ನಾನು ಬಿಲ್ ತೋರಿಸಿದೆ, ತೂಕದ ಚೀಟಿ ತೋರಿಸಿದೆ, ಗೂಟದಲ್ಲಿ ಹಗ್ಗ ತಿಕ್ಕಿ ತಿಕ್ಕಿ ಬಿದ್ದ ಕಚ್ಚು ತೋರಿಸಿದೆ. ಬೆರಳು ಹೋಗುವಷ್ಟು ಆಳದ ಕಚ್ಚು ಅದು, ನಿನ್ನೆ ಮೊನ್ನೆ ಆಗುವಂಥದ್ದಲ್ಲ. ಕೊನೆಗೆ ಮೇಲಿನವರು ಬಂದು ಅದನ್ನೇ ನೋಡಿ, ಬೈದು, ಬಿಟ್ಟರು. ತಪ್ಪು ನಮ್ಮದೇ, ಅವರಿಗೇನೂ ಹೇಳುವ ಹಾಗಿಲ್ಲ. ಗೂಟಕ್ಕೆ, ಅಡಿಗೆ ಹಾಕುವ ಆಸರೆಗೆ, ಚಕ್ರಕ್ಕೆ ಕೊಡುವ ತುಂಡಿಗೆ ಕೂಡ ಬೇರೆ ಮರ ಇರಬಾರದು. ಕಬ್ಬಿಣದ ಪೈಪ್ ಹಾಕಿಸಿ.

ಗಡಿಯ ಗೇಟುಗಳು, ನಮ್ಮ ಕಡೆ ಮಾಜಾಳಿ, ಗೋವಾ ಕಡೆ ಪೋಳೆಂ, ಎರಡೂ ದಾಟಿದ ಮೇಲೆ ಕಾಣಕೋಣದವರೆಗೆ ಬೈಪಾಸ್ ರಸ್ತೆ ಚಂದ, ತಳಪಣ, ಗಾಲ್ಜಿಬಾಗ ಹೊಳೆಗಳ ಮೇಲೆ ದೊಡ್ಡ ಸೇತುವೆ. ಮುಂದೆ ಕರ್ಮಲ್ ಘಾಟ್ ಮಾತ್ರ ಕಿರಿದು, ತಿರುವು ಜಾಸ್ತಿ, ತುಂಬಿದ ಗಾಡಿಗೆ ಎರಡನೇ ಗೇರ್. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಹೊಡೆಯಲಿ. ಅನಮೋಡ್ ಮೇಲೆ ಹೋದರೆ ಹೇಗೆ ಅಂತ ಒಬ್ಬರು ಕೇಳಿದ್ದರು. ಆ ರಸ್ತೆ ಮೊಲೆಮ್ ಅಭಯಾರಣ್ಯದ ಒಳಗೆ ಹೋಗುತ್ತದೆ. ಕಟ್ಟಿಗೆ ತುಂಬಿಕೊಂಡು ಅಭಯಾರಣ್ಯದಲ್ಲಿ ಓಡಾಡಿ ಎಲ್ಲರಿಗೂ ಉತ್ತರ ಕೊಡುವ ಹಣೆಬರಹ ಯಾಕೆ?

ಭಟ್ಟಿಗೆ ಹೇಳಿದ ಹೊತ್ತು ಒಂಬತ್ತು, ತಲುಪಿದ್ದು ಮಧ್ಯಾಹ್ನ. ಯಜಮಾನರು ಮಲಗಿದ್ದರು, ರಾತ್ರಿಯೆಲ್ಲ ಎದ್ದಿರುವವರು, ಅದು ಅವರ ನಿದ್ದೆಯ ಹೊತ್ತು. ಎದ್ದು ಬಂದು ಎರಡು ತುಂಡು ಎತ್ತಿ ಒಂದಕ್ಕೊಂದು ಬಡಿದರು. ಟಣ್ ಅಂತು. ಮತ್ತೆ ನಡು ಸಾಲಿನಿಂದ ಎರಡು ಎಳೆದು ಬಡಿದರು. ಇದು ಟಣ್ ಅನ್ನಲಿಲ್ಲ, ಡಬ್ ಅಂತು. "ಲಾಂಕೂಡ್ ಬರೆಂ, ಆದರೆ ಎಲ್ಲ ಒಣಗಿಲ್ಲ" ಅಂತ, ಅಂದರೆ ಕಟ್ಟಿಗೆ ಒಳ್ಳೇದು ಆದರೆ ಹಸಿ ಇದೆ ಅಂತ, ಕೊಂಕಣಿ ಕನ್ನಡ ಕೂಡಿಸಿ ಹೇಳಿ, ನಲವತ್ತು ಕೆಜಿ ಕಳೆದು 1,100ಕ್ಕೆ ಲೆಕ್ಕ ಹಾಕಿದರು. ಕೆಜಿಗೆ ಏಳು ರೂಪಾಯಿ, 7,700. ಚೌಕಾಸಿಗೆ ನಮಗೆ ಮುಖ ಇರಲಿಲ್ಲ, ತಡವಾಗಿ ಬಂದು ಎಬ್ಬಿಸಿದ್ದೆವಲ್ಲ.

ಖರ್ಚು ಹೇಳುತ್ತೇನೆ. ಮತ್ತೆ ಕೊಯ್ದು ಸೀಳಿ ತುಂಬಿದ ಕೂಲಿ 2,400. ಶಿರಸಿಯಿಂದ ಹೋಗಿ ಬಂದ ಡೀಸೆಲ್ 3,300. ಟೋಲ್, ವೇಬ್ರಿಜ್, ಜೆರಾಕ್ಸ್, ಚಾ ಎಲ್ಲ ಸೇರಿ 450. ಉಳಿದದ್ದು 1,550. ಕಾಣಕೋಣದಲ್ಲಿ ಒಂದು ರಾತ್ರಿಯ ರೂಮು, ಇಬ್ಬರಿಗೆ ಒಂದು ಹೊತ್ತಿನ ಮೀನೂಟ, ಅಲ್ಲಿಗೆ ಸರಿಯಾಯ್ತು. ಮೂರು ದಿನದ ಪೂರ್ತಿ ಖರ್ಚು ಏಳುವುದಿಲ್ಲ, ಮರದ ಬೆಲೆಯನ್ನಂತೂ ಹಿಡಿದೇ ಇಲ್ಲ. ಕಟ್ಟಿಗೆ ದುಡ್ಡು ಕೊಟ್ಟು ಕೊಂಡು ಮಾರುವ ಯೋಚನೆ ಇದ್ದರೆ ಇಲ್ಲೇ ಬಿಡಿ. ಸ್ವಂತ ಜಾಗದ ಮರ, ಸ್ವಂತ ಗಾಡಿ, ಹೇಗೂ ಆ ಕಡೆ ಹೋಗುವುದಿದೆ ಅಂದರೆ ಮಾತ್ರ ಆಗುವ ಕೆಲಸ. ಪಾಳೊಳೆಂ ಬೀಚಿನ ಶ್ಯಾಕ್‌ಗಳಿಗೆ, ಅಂದರೆ ಗುಡಿಸಲು ಹೋಟೆಲುಗಳಿಗೆ, ಸಣ್ಣ ಸಣ್ಣ ಕಟ್ಟು ಮಾಡಿ ಜಾಸ್ತಿ ರೇಟಿಗೆ ಕೊಡಬಹುದು ಅಂತ ಭಾವನಿಗೆ ಆಸೆ ಇತ್ತು, ವಾಪಸ್ ಬರುವಾಗ ಇಳಿದು ಕೇಳಿದೆವು. ಒಬ್ಬ ಎರಡು ಕಟ್ಟು ಬೇಕು ಅಂದ. ಬರೀ ಎರಡು ಕಟ್ಟಿಗೋಸ್ಕರ ಯಾರು ಬರುತ್ತಾರೆ?

ಬರುವಾಗ ಬಾಟಲಿ ತರಬೇಡಿ. ಅಲ್ಲಿ ಅಗ್ಗ, ನಿಜ. ಆದರೆ ಮಾಜಾಳಿಯಲ್ಲಿ ಅಬಕಾರಿಯವರು ಖಾಲಿ ಪಿಕಪ್ ಕಂಡರೆ ಸುಮ್ನೆ ಬಿಡುವುದಿಲ್ಲ. ನಮ್ಮದೂ ತಾಡಪಾಲು ಎತ್ತಿಸಿದರು, ಸೀಟಿನ ಹಿಂದೆ ಟಾರ್ಚ್ ಹಾಕಿದರು, ಹಿಂದೆ ಇದ್ದ ಸಿಪ್ಪೆಯ ರಾಶಿಗೆ ಲಾಠಿ ಚುಚ್ಚಿದರು. ಸೀಟಿನ ಮೇಲೆ ದೊಡ್ಡ ಚೀಲ ಇತ್ತು, ಅದನ್ನೂ ಬಿಚ್ಚಿಸಿದರು. ಭಟ್ಟಿಯ ಯಜಮಾನರು ಹೊರಡುವಾಗ ಕೊಟ್ಟ ಪಾವ್, ಐವತ್ತು. ಭಾವ ಚೀಲ ಅವರ ಕಡೆ ಹಿಡಿದ. ಇಬ್ಬರು ಒಂದೊಂದು ತೆಗೆದುಕೊಂಡರು.