ಯಂತ್ರಕ್ಕೆ ಕೊಡುವ ಹಣ, ಮನುಷ್ಯರಿಗೆ ಕೊಡುವ ಹಣ

ಕುಮಟಾ
30 ಆಗಸ್ಟ್ 2025, ಶನಿವಾರ

ಚೌತಿಗೆಂದು ಮುಂಬೈ, ಪುಣೆಗಳಿಂದ ಊರಿಗೆ ಬಂದವರು ಮರಳುವ ಮುಂಚೆಯೇ ತಮ್ಮ ದತ್ತಿನಿಧಿಯ ವಾರ್ಷಿಕ ಸಭೆಯನ್ನು ಮುಗಿಸಿಕೊಳ್ಳುವುದು ಕುಮಟಾದ ಒಂದು ಮನೆತನದ ಪದ್ಧತಿ. ಇಂದು ಬೆಳಿಗ್ಗೆ ಕೂಡಿದ ಸಭೆ ಊಟದ ಹೊತ್ತು ಮೀರಿದರೂ ಮುಗಿಯಲಿಲ್ಲ. ಮುಂಬೈಯಲ್ಲಿ ಹೋಟೆಲ್ ನಡೆಸಿ ಗಳಿಸಿದ್ದರಲ್ಲಿ ಒಂದು ಪಾಲನ್ನು ಊರಿಗೆಂದು ತೆಗೆದಿಟ್ಟ ಹಿರಿಯರು ಈಗಿಲ್ಲ. ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಸೇರಿ ಅದನ್ನು ನಡೆಸಿಕೊಂಡು ಬಂದಿದ್ದಾರೆ. ಕುಟುಂಬದ ಹೊರಗಿನಿಂದ ಸಲಹೆಗೆಂದು ಕರೆಯುವವರಲ್ಲಿ ನಿವೃತ್ತ ಶಿಕ್ಷಕಿಯಾದ ನಾನೂ ಒಬ್ಬಳು. ಊರಿನ ಹುಡುಗ ಹುಡುಗಿಯರಿಗೆ ಉದ್ಯೋಗದ ತರಬೇತಿ ಮತ್ತು ಊರಿನವರ ಆರೋಗ್ಯ, ಈ ಎರಡಕ್ಕೆ ಮಾತ್ರ ಹಣ ಹೋಗಬೇಕೆಂದು ಆ ಹಿರಿಯರು ಬರೆದಿಟ್ಟಿದ್ದಾರೆ. ಇಂದಿನ ಚರ್ಚೆಯೆಲ್ಲ ಯಾವುದಕ್ಕೆ ಎಷ್ಟು ಪಾಲು ಎಂಬುದರ ಸುತ್ತಲೇ ನಡೆಯಿತು. ಇವೆರಡನ್ನು ಬೇರೆ ಬೇರೆ ಖಾತೆಗಳೆಂದು ಎಣಿಸುವುದೇ ಸರಿಯಲ್ಲವೆಂದು ನಾನು ಸಭೆಯಲ್ಲಿ ಹೇಳಿದೆನಾದರೂ, ಹೇಳಬೇಕಾದಷ್ಟು ವಿವರವಾಗಿ ಹೇಳಲು ಸಮಯ ಸಾಲಲಿಲ್ಲ. ಅದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮನೆಯ ಹಿರಿಯ ಮೊಮ್ಮಗ ಆಸ್ಪತ್ರೆಗೆ ಡಯಾಲಿಸಿಸ್ ಯಂತ್ರವೊಂದನ್ನು ಕೊಡೋಣವೆಂಬ ಪ್ರಸ್ತಾಪವನ್ನು ತಂದಿದ್ದರು. ಅವರ ಸೋದರಮಾವ ಮೂತ್ರಪಿಂಡದ ಕಾಯಿಲೆಯಿಂದ ವರ್ಷಗಟ್ಟಲೆ ನರಳಿ ತೀರಿಕೊಂಡವರು. ಮಣಿಪಾಲದ ದಾರಿಯಲ್ಲಿ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿ ಹೋಗಿಬರುತ್ತಿದ್ದ ಅವರನ್ನು ಈ ಹುಡುಗ ಹತ್ತಿರದಿಂದ ನೋಡಿದ್ದಾರೆ. ನಮ್ಮ ಜಿಲ್ಲೆಯಲ್ಲಿ ದೊಡ್ಡ ಕಾಯಿಲೆಯೆಂದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲವೇ ಗೋವಾದ ಬಾಂಬೋಳಿ ಎಂದೇ ಲೆಕ್ಕ. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬಂದ ಮೇಲೂ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ನಿಂತಿಲ್ಲ. ಹಾಗಾಗಿ ಅವರ ಪ್ರಸ್ತಾಪದ ಹಿಂದಿನ ನೋವನ್ನು ನಾನು ಪೂರ್ತಿಯಾಗಿ ಗೌರವಿಸುತ್ತೇನೆ. ಆದರೆ ಯಂತ್ರವನ್ನು ಕೊಟ್ಟ ಮರುದಿನ ಏನಾಗುತ್ತದೆ ಎಂಬ ಪ್ರಶ್ನೆಗೆ ಅವರು ತಂದ ಕಡತದಲ್ಲಿ ಉತ್ತರವಿರಲಿಲ್ಲ.

ಡಯಾಲಿಸಿಸ್ ರೋಗಿಗೆ ವಾರಕ್ಕೆ ಎರಡು ಅಥವಾ ಮೂರು ಸಲ, ಪ್ರತಿ ಸಲ ಸುಮಾರು ನಾಲ್ಕು ಗಂಟೆಗಳ ಕಾಲ ಚಿಕಿತ್ಸೆ ನಡೆಯಬೇಕು. ರಕ್ತವನ್ನು ಶುದ್ಧಗೊಳಿಸುವ ದ್ರಾವಣ ಯಂತ್ರದಲ್ಲಿ ನಿಮಿಷಕ್ಕೆ ಅರ್ಧ ಲೀಟರಿನಂತೆ ಹರಿಯುವುದರಿಂದ, ಒಬ್ಬ ರೋಗಿಯ ಒಂದು ಸಲದ ಚಿಕಿತ್ಸೆಗೇ ಸುಮಾರು 120 ಲೀಟರ್ ಶುದ್ಧೀಕರಿಸಿದ ನೀರು ಬೇಕಾಗುತ್ತದೆ. ಅದು ಕುಡಿಯುವ ನೀರಿಗಿಂತಲೂ ಶುದ್ಧವಾಗಿರಬೇಕು, ಅದಕ್ಕೆ ಪ್ರತ್ಯೇಕ ಆರ್‌ಒ ಘಟಕವಿರಬೇಕು, ಕರೆಂಟು ಹೋದಾಗ ರಕ್ತ ಕೊಳವೆಯಲ್ಲಿ ಹೆಪ್ಪುಗಟ್ಟದಂತೆ ನೋಡಿಕೊಳ್ಳುವ ವ್ಯವಸ್ಥೆಯೂ ಇರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಸೂಜಿ ಚುಚ್ಚಿ ರೋಗಿಯನ್ನು ಯಂತ್ರಕ್ಕೆ ಜೋಡಿಸಿ, ನಡುವೆ ರಕ್ತದೊತ್ತಡ ಇಳಿದರೆ ಕೂಡಲೇ ಗುರುತಿಸಬಲ್ಲ ತಂತ್ರಜ್ಞರು ಆ ನಾಲ್ಕು ಗಂಟೆಯೂ ಪಕ್ಕದಲ್ಲೇ ಇರಬೇಕು. ಕೇಂದ್ರ ಸರ್ಕಾರ 2016ರಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮವನ್ನು ಆರಂಭಿಸಿದ ಮೇಲೆ ಬಡವರಿಗೆ ಈ ಚಿಕಿತ್ಸೆ ಉಚಿತವಾಗಿ ಸಿಗುವ ದಾರಿ ತೆರೆದಿದೆ. ಆದರೆ ನಮ್ಮ ಕರಾವಳಿಯ ಊರೊಂದರಲ್ಲಿ ದಾನಿಗಳು ಕೊಟ್ಟ ಯಂತ್ರವು ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆಯದೆ ಗೋಡೆಗೆ ಒರಗಿ ನಿಂತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೊಟ್ಟವರ ಹೆಸರು ಅದರ ಮೇಲೆ ಸ್ಪಷ್ಟವಾಗಿ ಓದುವಂತಿತ್ತು. ಅದನ್ನು ನಡೆಸುವವರು ಮಾತ್ರ ಅಲ್ಲಿರಲಿಲ್ಲ.

ಆದ್ದರಿಂದ ನಾನು ಸಭೆಯಲ್ಲಿ ಕೇಳಿಕೊಂಡದ್ದು ಇಷ್ಟೇ: ಯಂತ್ರದ ಬೆಲೆಯಲ್ಲಿ ಈ ಭಾಗದ ಮಕ್ಕಳನ್ನು ಡಯಾಲಿಸಿಸ್ ತಂತ್ರಜ್ಞರ ಡಿಪ್ಲೊಮಾಕ್ಕೆ ಕಳುಹಿಸೋಣ, ಓದಿನ ಖರ್ಚನ್ನೂ ಹಾಸ್ಟೆಲಿನ ಖರ್ಚನ್ನೂ ಕೊನೆಯವರೆಗೆ ನಾವೇ ಹೊರೋಣ, ಓದು ಮುಗಿದ ಮೇಲೆ ಜಿಲ್ಲೆಯೊಳಗಿನ ಆಸ್ಪತ್ರೆಯಲ್ಲಿ ಕೆಲವು ವರ್ಷ ಕೆಲಸ ಮಾಡುವಂತೆ ಅವರೊಂದಿಗೆ ಮಾತಾಡಿಕೊಳ್ಳೋಣ. ಇದು ಉದ್ಯೋಗ ತರಬೇತಿಯೋ ಆರೋಗ್ಯ ಸೇವೆಯೋ ಎಂದು ಲೆಕ್ಕಪತ್ರ ಬರೆಯುವವರು ಕೇಳಿದರೆ, ಎರಡೂ ಹೌದು ಎಂದೇ ಹೇಳಬೇಕಾಗುತ್ತದೆ.

"ಅಕ್ಕೋರೇ, ಹುಡುಗರು ಕಲಿತು ಬೆಂಗಳೂರಿಗೆ ಹೋದರೆ ಏನು ಮಾಡುವುದು?" ಎಂದು ಆ ಮೊಮ್ಮಗ ಕೇಳಿದರು. ನ್ಯಾಯವಾದ ಪ್ರಶ್ನೆ. ಕೆಲವರು ಹೋಗುತ್ತಾರೆ, ಹೋಗಲಿ. ಇಲ್ಲಿ ಉಳಿಯುವವರು ಯಾರೆಂಬುದನ್ನು ಆಯ್ಕೆಯ ಹಂತದಲ್ಲಿಯೇ ಒಂದಿಷ್ಟು ಊಹಿಸಬಹುದು: ತಾಯಿಯೊಬ್ಬಳನ್ನೇ ಮನೆಯಲ್ಲಿ ಬಿಟ್ಟುಹೋಗಲಾರದ ಹುಡುಗಿ, ಮದುವೆಯಾಗಿ ಇಲ್ಲಿಯೇ ನೆಲೆ ನಿಂತ ಹೆಣ್ಣುಮಗಳು, ದೋಣಿಯಲ್ಲಿ ಪಾಲಿರುವ ಮನೆಯ ಎರಡನೆಯ ಮಗ. ಅಂಕಪಟ್ಟಿಯಲ್ಲಿ ಮೊದಲು ಬಂದವರನ್ನೇ ಆರಿಸುವ ನಮ್ಮ ಅಭ್ಯಾಸವನ್ನು ಇದಕ್ಕಾಗಿ ಸ್ವಲ್ಪ ಬದಲಿಸಿಕೊಳ್ಳಬೇಕು.

ಮನೆ ಆರೈಕೆಯ ತರಬೇತಿಗೆ ನಿಧಿಯು ಕಳೆದ ವರ್ಷದಿಂದ ಕೊಡುತ್ತಿರುವ ನೆರವನ್ನು ಮುಂದುವರಿಸಬೇಕೇ ಎಂಬ ಚರ್ಚೆ ನಡೆದಾಗ ನಾನು ಹೆಚ್ಚು ಹೊತ್ತು ಮಾತಾಡಿದೆ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಿಕೆ ತೋಟದ ಮನೆಗಳಿಗೆ ಹೋದವರಿಗೆಲ್ಲ ಗೊತ್ತಿರುವ ಸಂಗತಿಯೆಂದರೆ, ದೊಡ್ಡ ಮನೆ, ತುಂಬಿದ ಅಟ್ಟ, ಒಳಗೆ ಇಬ್ಬರೇ ವಯಸ್ಸಾದವರು. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇದ್ದಾರೆ. ಹಣಕ್ಕೆ ಕೊರತೆಯಿಲ್ಲ, ಕೈಗೆ ಕೊರತೆ. ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದವರನ್ನು ಆಸ್ಪತ್ರೆ ಎಷ್ಟು ದಿನ ಇಟ್ಟುಕೊಂಡೀತು? ಇತ್ತ ಕರಾವಳಿಯಲ್ಲಿ ಪಿಯುಸಿ ಮುಗಿಸಿ ಮುಂದೇನೆಂದು ತಿಳಿಯದೆ ಮನೆಯಲ್ಲಿ ಕುಳಿತ ಹುಡುಗಿಯರಿದ್ದಾರೆ. ಇವರಿಬ್ಬರ ನಡುವೆ ಇರುವುದು ಒಂದು ಘಟ್ಟ ಮತ್ತು ಕೆಲವು ತಿಂಗಳ ಕಲಿಕೆ ಮಾತ್ರ.

ಆ ಕಲಿಕೆಯನ್ನು ನಾನು ಕೊಠಡಿಯ ಮೂಲೆಯಲ್ಲಿ ಕುಳಿತು ನೋಡಿದ್ದೇನೆ. ಕಲಿಸುವವರು ನಿವೃತ್ತ ಸ್ಟಾಫ್ ನರ್ಸ್. ಮಂಚದ ಮೇಲೆ ಒಬ್ಬ ಹುಡುಗಿ ರೋಗಿಯಂತೆ ಮೈಬಿಟ್ಟು ಮಲಗಿದ್ದಳು. ಅವಳ ಭುಜದಿಂದ ತೊಡೆಯವರೆಗೆ ಬರುವಂತೆ ಮಡಚಿದ ಬೆಡ್‌ಶೀಟನ್ನು ಕೆಳಗೆ ಹಾಸಿ, ಇಬ್ಬರು ಎರಡು ಬದಿಯಲ್ಲಿ ನಿಂತು ಅಂಚನ್ನು ಮುಷ್ಟಿಯಲ್ಲಿ ಸುತ್ತಿಕೊಂಡು, ಎಳೆಯದೆ, ಉಜ್ಜದೆ, ಎತ್ತಿ ಪಕ್ಕಕ್ಕೆ ಹೊರಳಿಸಿದರು. ಎಳೆದರೆ ಚರ್ಮ ಹಾಸಿಗೆಗೆ ಉಜ್ಜಿ ಸುಲಿಯುತ್ತದೆ, ಅಲ್ಲಿಂದಲೇ ಹಾಸಿಗೆ ಹುಣ್ಣು ಶುರುವಾಗುತ್ತದೆ ಎಂದು ನರ್ಸ್ ವಿವರಿಸಿದರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಬದಲಿಸಿದಾಗಲೆಲ್ಲ ಸೊಂಟದ ಕೆಳಗಿನ ಎಲುಬು, ಹಿಮ್ಮಡಿ, ಮೊಣಕೈಗಳನ್ನು ನೋಡಬೇಕು. ಕೆಂಪಗಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಬೆಳ್ಳಗಾಗದೆ ಕೆಂಪಾಗಿಯೇ ಉಳಿದರೆ ಆ ಹೊತ್ತೇ ಎಚ್ಚರವಾಗಬೇಕು. ಗಂಜಿ ಉಣಿಸುವಾಗ ರೋಗಿಯನ್ನು ನೆಟ್ಟಗೆ ಕೂರಿಸಬೇಕು, ನುಂಗಿದ್ದು ಖಚಿತವಾದ ಮೇಲೆಯೇ ಮುಂದಿನ ಚಮಚ. ಅಂಕೋಲಾ ಕಡೆಯ ಹಾಲಕ್ಕಿ ಒಕ್ಕಲಿಗರ ಹುಡುಗಿಯೊಬ್ಬಳು ಇದನ್ನೆಲ್ಲ ಬರೆದುಕೊಳ್ಳದೆ ಒಂದೇ ಸಲಕ್ಕೆ ಮಾಡಿ ತೋರಿಸಿದಳು. ಅಜ್ಜಿಯನ್ನು ಕೊನೆಯವರೆಗೆ ನೋಡಿಕೊಂಡವಳು ಅವಳೇ ಎಂದು ಆಮೇಲೆ ತಿಳಿಯಿತು.

ಈ ಕೆಲಸಕ್ಕೆ ಹೋದವರನ್ನು ಮನೆಗೆಲಸದವರಂತೆ ನಡೆಸಿಕೊಳ್ಳುವ ಮನೆಗಳೂ ಇವೆ. ರೋಗಿಯನ್ನು ನೋಡಿಕೊಳ್ಳಲು ಬಂದವಳಿಗೆ ಅಂಗಳ ಗುಡಿಸಲು ಹೇಳುವುದು, ವಾರದ ರಜೆ ಕೊಡದಿರುವುದು, ರಾತ್ರಿ ನಿದ್ದೆಗೆ ಬಿಡದಿರುವುದು ನಡೆಯುತ್ತದೆ. ಆದ್ದರಿಂದ ನಿಧಿಯ ಜವಾಬ್ದಾರಿ ಪ್ರಮಾಣಪತ್ರ ಕೊಡುವ ದಿನಕ್ಕೆ ಮುಗಿಯಬಾರದು. ಕೆಲಸದ ಅವಧಿ, ರಜೆ, ಸಂಬಳ, ಮಲಗುವ ಜಾಗ ಇವನ್ನೆಲ್ಲ ಬರೆದ ಕರಾರಿಗೆ ನಿಧಿಯೂ ಸಹಿ ಹಾಕಬೇಕು. ಊರಿನಲ್ಲಿ ಆ ಮನೆತನದ ಮಾತಿಗೆ ಇರುವ ಬೆಲೆಯು ಹಣದಷ್ಟೇ ದೊಡ್ಡ ದಾನವಾದೀತು.

ತರಬೇತಿ ಮುಗಿದ ನಂತರದ ಅವಧಿಯೇ ಕಷ್ಟದ್ದು ಎಂಬುದು ಈ ಕ್ಷೇತ್ರದಲ್ಲಿರುವವರೆಲ್ಲರೂ ಬಲ್ಲ ಮಾತು. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಸಹಯೋಗದಿಂದ, ಗ್ರಾಮೀಣ ಯುವಜನರಿಗೆ ಸ್ವಉದ್ಯೋಗದ ತರಬೇತಿ ಕೊಡುವ ರುಡ್‌ಸೆಟಿ ಎಂಬ ಸಂಸ್ಥೆ ಆರಂಭವಾಯಿತು. ಅದೇ ಮಾದರಿಯನ್ನು ಮುಂದೆ ಕೇಂದ್ರ ಸರ್ಕಾರ ದೇಶಕ್ಕೆಲ್ಲ ವಿಸ್ತರಿಸಿ ಆರ್‌ಸೆಟಿಗಳನ್ನು ಮಾಡಿತು. ನಮ್ಮ ಜಿಲ್ಲೆಯ ಹಳಿಯಾಳದಲ್ಲಿಯೂ ಕುಮಟಾದಲ್ಲಿಯೂ ಅಂಥ ಸಂಸ್ಥೆಗಳಿವೆ. ಊಟ, ವಸತಿ, ತರಬೇತಿ ಎಲ್ಲವೂ ಅಲ್ಲಿ ಉಚಿತ. ನನಗೆ ಅದರಲ್ಲಿ ಬಹಳ ಹಿಡಿಸಿದ ಅಂಶವೆಂದರೆ, ಕಲಿತು ಹೋದವರನ್ನು ಎರಡು ವರ್ಷಗಳವರೆಗೆ ಬೆನ್ನುಹತ್ತಿ ವಿಚಾರಿಸಿಕೊಳ್ಳಬೇಕೆಂಬ ನಿಯಮ. ಹುಬ್ಬಳ್ಳಿ ಮೂಲದ ಗುರುರಾಜ ಮತ್ತು ಜಯಶ್ರೀ ದೇಶಪಾಂಡೆ ದಂಪತಿ 1996ರಲ್ಲಿ ಸ್ಥಾಪಿಸಿದ ದೇಶಪಾಂಡೆ ಫೌಂಡೇಶನ್ ಹುಬ್ಬಳ್ಳಿಯಲ್ಲಿ ದೊಡ್ಡ ಪ್ರಮಾಣದಲ್ಲಿ ಯುವಜನರ ಕೌಶಲ್ಯ ತರಬೇತಿಯನ್ನು ನಡೆಸುತ್ತಿದೆ. ಅಷ್ಟು ದೊಡ್ಡದನ್ನು ಕುಮಟಾದ ಒಂದು ಮನೆತನ ಮಾಡಲಾರದು, ಮಾಡಬೇಕಾಗಿಯೂ ಇಲ್ಲ. ದೊಡ್ಡ ವ್ಯವಸ್ಥೆಗಳ ಅಳತೆಗೆ ಸಿಗದ ಸಣ್ಣ ಖರ್ಚುಗಳೇ ಇಂಥ ನಿಧಿಗೆ ತಕ್ಕ ಕೆಲಸ.

ಸಣ್ಣ ಖರ್ಚೆಂದರೆ ಯಾವುದು? ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನಾಡದೋಣಿಗಳ ಔಟ್‌ಬೋರ್ಡ್ ಇಂಜಿನ್ ರಿಪೇರಿಯನ್ನು ಕಲಿತ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ಯಾಂತ್ರೀಕೃತ ದೋಣಿಗಳೆಲ್ಲ ದಡದಲ್ಲಿರುತ್ತವೆ, ದುರಸ್ತಿಗೆ ಅದೇ ಸುಗ್ಗಿ. "ಅಕ್ಕೋರೇ, ಇಂಜಿನ್ನಿಗೆ ಉಪ್ಪೇ ಶತ್ರು. ಸಮುದ್ರದಿಂದ ಬಂದಕೂಡ್ಲೇ ಸಿಹಿನೀರು ಬಿಟ್ಟು ತೊಳ್ದ್ರೆ ಅರ್ಧ ರಿಪೇರಿ ಬರೋದೇ ಇಲ್ಲ" ಎಂದು ಅವನು ನೀರು ಹರಿಸಿ ಇಂಜಿನ್ನನ್ನು ತಂಪಾಗಿಡುವ ಇಂಪೆಲ್ಲರ್ ಬಿಚ್ಚಿ, ಅದರ ರಬ್ಬರ್ ಎಸಳುಗಳು ಸವೆದು ಸೀಳಿರುವುದನ್ನು ತೋರಿಸಿದ. ಕೈಯಲ್ಲಿ ಕೆಲಸವಿತ್ತು, ಗಿರಾಕಿಗಳಿದ್ದರು. ಕಾರ್ಬ್ಯುರೇಟರ್, ಸೀಲು, ಪ್ಲಗ್ಗುಗಳನ್ನು ಮೊದಲೇ ತಂದಿಟ್ಟುಕೊಳ್ಳುವ ಬಂಡವಾಳ ಮಾತ್ರ ಇರಲಿಲ್ಲ. ತರಬೇತಿ ಕೇಂದ್ರ ಕೊಟ್ಟ ಸ್ಪ್ಯಾನರ್ ಪೆಟ್ಟಿಗೆಯ ಫೋಟೋ ಎಲ್ಲ ಕಡೆಯೂ ಬಂದಿತು, ಬಿಡಿಭಾಗಗಳ ಸಾಲಕ್ಕೆ ಜಾಮೀನು ನಿಲ್ಲುವವರು ಮಾತ್ರ ಬರಲಿಲ್ಲ. ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ತೊಡಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಸರ್ಕಾರಿ ಬಸ್ಸಿನಲ್ಲಿ ಅವರಿಗೆ ಟಿಕೆಟ್ ಇಲ್ಲ, ಅದರಿಂದ ಎಷ್ಟೋ ಮನೆಗಳ ಹುಡುಗಿಯರು ಹೊರಗೆ ಬರುವಂತಾಯಿತು. ಆದರೆ ಒಳಊರಿಗೆ ಹೋಗುವ ಕೊನೆಯ ಬಸ್ಸು ತರಗತಿ ಮುಗಿಯುವ ಮೊದಲೇ ಹೊರಟುಹೋದರೆ ಉಚಿತ ಟಿಕೆಟ್ಟಿನಿಂದ ಏನು ಪ್ರಯೋಜನ? ಅವರಿಗೆ ಪೇಟೆಯಲ್ಲಿ ಬಾಡಿಗೆಗೆ ಒಂದು ಮನೆ ಹಿಡಿದು, ಜೊತೆಗೆ ಹಿರಿಯ ಹೆಂಗಸೊಬ್ಬರನ್ನು ಇಟ್ಟರೆ ಸಾಕು.

ಕಂಪನಿಗಳ ದಾನಕ್ಕೆ ಇಲ್ಲದ ಸ್ವಾತಂತ್ರ್ಯ ಕುಟುಂಬದ ನಿಧಿಗೆ ಇದೆ ಎಂಬುದನ್ನು ಲೆಕ್ಕಪರಿಶೋಧಕರು ಚೆನ್ನಾಗಿ ತಿಳಿಸಿಕೊಟ್ಟರು. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಮಾಜಕ್ಕೆಂದು ವೆಚ್ಚ ಮಾಡಬೇಕು, ಉಳಿದರೆ ಏನು ಮಾಡಬೇಕೆಂಬುದಕ್ಕೂ ಕಟ್ಟುನಿಟ್ಟಿನ ನಿಯಮವಿದೆ. ಹಾಗಾಗಿ ಮಾರ್ಚ್ ತಿಂಗಳು ಸಮೀಪಿಸಿದಂತೆ ಕಟ್ಟಡ, ಯಂತ್ರ, ಆಂಬುಲೆನ್ಸ್‌ಗಳಂಥ ಒಮ್ಮೆಗೇ ಖರ್ಚಾಗುವ ಬಾಬತ್ತುಗಳತ್ತ ಮನಸ್ಸು ವಾಲುವುದು ಸಹಜ. ನೋಂದಾಯಿತ ದತ್ತಿಗೂ ಆದಾಯದ ಶೇ. 85ನ್ನು ಉದ್ದೇಶಿತ ಕಾರ್ಯಕ್ಕೆ ಬಳಸಬೇಕೆಂಬ ಆದಾಯ ತೆರಿಗೆಯ ನಿಯಮವಿದೆ; ಆದರೂ ಒಬ್ಬಳು ಹುಡುಗಿಯ ಓದಿಗೆ ವರ್ಷಾನುವರ್ಷ ಕೊಡುತ್ತೇವೆಂದು ಇಂದೇ ಮಾತು ಕೊಡಲು ಅದು ಅಡ್ಡಿಯಲ್ಲ.

ಸಿದ್ದಾಪುರದಿಂದ ಬಂದ ಅರ್ಜಿಯ ಬಗ್ಗೆ ಹೆಚ್ಚು ಚರ್ಚೆಯಾಗಲಿಲ್ಲ. ಮಂಗನ ಕಾಯಿಲೆಯ ಕಾಲದಲ್ಲಿ ಕಾಡಿಗೆ ಹೋಗುವವರಿಗೆ ಹಂಚಲು, ಉಣ್ಣಿ ಕಚ್ಚದಂತೆ ಮೈಗೆ ಹಚ್ಚಿಕೊಳ್ಳುವ ಡೇಪಾ ತೈಲವನ್ನು ಕೊಳ್ಳಲು ಹಣ ಕೇಳಿದ್ದರು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಆ ಕಾಯಿಲೆ ಉಣ್ಣಿ ಕಚ್ಚುವುದರಿಂದ ಬರುತ್ತದೆ, ಸಿದ್ದಾಪುರ ತಾಲ್ಲೂಕನ್ನು ಅದು ಪದೇ ಪದೇ ಕಾಡಿದೆ. ತೈಲವನ್ನು ಆರೋಗ್ಯ ಇಲಾಖೆಯೇ ಉಚಿತವಾಗಿ ಹಂಚುತ್ತದೆ. ಅದನ್ನು ಮೈಗೆ ಹಚ್ಚಿಕೊಂಡೇ ದರಕು (ಉದುರಿದ ಒಣ ಎಲೆ) ತರಲು ಹೋಗುವಂತೆ ಮನೆಮನೆಗೆ ಹೋಗಿ ಒಪ್ಪಿಸುವ ಸ್ಥಳೀಯ ಹೆಂಗಸರಿಗೆ ಆ ಕೆಲವು ತಿಂಗಳ ಸಂಭಾವನೆ ಕೊಡೋಣವೆಂದು ಹೇಳಿದೆ. ಎಲ್ಲರೂ ಒಪ್ಪಿದರು.

ಊಟದ ನಂತರ ಮನೆಯ ಹಿರಿಯ ಸೊಸೆ, ಅಂಕೋಲೆಯ ತವರಿನವರು, ದಿನಕರ ದೇಸಾಯಿಯವರ ಮಾತೆತ್ತಿದರು. ಅವರು ಕಟ್ಟಿದ ಕೆನರಾ ವೆಲ್‌ಫೇರ್ ಟ್ರಸ್ಟಿನ ಶಾಲೆಗಳು ಇಲ್ಲದಿದ್ದರೆ ತಮ್ಮ ಓಣಿಯ ಯಾರೂ ಹೈಸ್ಕೂಲಿನ ಮೆಟ್ಟಿಲು ಹತ್ತುತ್ತಿರಲಿಲ್ಲವೆಂದು ಅವರು ಹೇಳಿದರು. ಆ ಶಾಲೆಗಳೂ ಕಟ್ಟಡಗಳೇ ತಾನೇ ಎಂದು ಮೊಮ್ಮಗ ಕೇಳಿದಾಗ, "ಕಟ್ಟಡ ಇತ್ತು ತಮಾ, ಆದ್ರೆ ಒಳಗೆ ಮಾಸ್ತರು ಇದ್ರು" ಎಂದರು. ಮೊಮ್ಮಗ ಸ್ವಲ್ಪ ಹೊತ್ತು ಕಡತವನ್ನು ತಿರುವಿ ಹಾಕಿ, ಯಂತ್ರದ ಪ್ರಸ್ತಾಪವನ್ನು ದೀಪಾವಳಿಯ ಸಭೆಗೆ ಮುಂದೂಡೋಣ, ಅಷ್ಟರಲ್ಲಿ ಅಕ್ಕೋರು ಒಂದು ಟಿಪ್ಪಣಿ ಬರೆದುಕೊಡಲಿ ಎಂದು ತಾವೇ ಸೂಚಿಸಿದರು. ಅದು ನನಗೆ ನಿಜಕ್ಕೂ ಸಂತೋಷದ ಮಾತು.

ಟಿಪ್ಪಣಿಯನ್ನು ಊಹೆಯ ಮೇಲೆ ಬರೆಯುವಂತಿಲ್ಲ. ಸೋಮವಾರ ಆಸ್ಪತ್ರೆಯ ಮುಖ್ಯ ವೈದ್ಯರನ್ನು ಕಂಡು, ಈಗಿರುವ ಯಂತ್ರಗಳಲ್ಲಿಯೇ ಇನ್ನೊಂದು ಪಾಳಿಯನ್ನು ನಡೆಸಲು ಎಷ್ಟು ತಂತ್ರಜ್ಞರು ಬೇಕು, ಆರ್‌ಒ ಘಟಕಕ್ಕೆ ಅಷ್ಟು ನೀರು ಕೊಡುವ ಶಕ್ತಿಯಿದೆಯೇ, ನಾವು ಓದಿಸಿದವರನ್ನು ಗುತ್ತಿಗೆಯ ಮೇಲಾದರೂ ತೆಗೆದುಕೊಳ್ಳಲು ನಿಯಮದಲ್ಲಿ ಅವಕಾಶವಿದೆಯೇ ಎಂಬುದನ್ನು ಲಿಖಿತವಾಗಿ ಕೇಳಬೇಕು. ಮನೆ ಆರೈಕೆಯ ಕರಾರಿನ ಕರಡನ್ನು ಪರಿಚಯದ ವಕೀಲರಿಗೆ ತೋರಿಸಬೇಕು. ಇಂಜಿನ್ ರಿಪೇರಿಯ ಹುಡುಗನಿಗೆ ಫೋನ್ ಮಾಡಿ, ಬೇಕಾದ ಬಿಡಿಭಾಗಗಳ ಪಟ್ಟಿಯನ್ನು ಬೆಲೆಯ ಸಮೇತ ಬರೆದು ತರುವಂತೆ ಹೇಳಿಯಾಗಿದೆ, ಮಂಗಳವಾರ ಬರುತ್ತೇನೆಂದಿದ್ದಾನೆ.