ಕರಿಮೆಣಸು ಸರ್

ನಮ್ಮ ಚರಿತ್ರೆ ಮೇಷ್ಟ್ರು ತೀರಿಕೊಂಡ ದಿನ ಬ್ಯಾಚಿನ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರೂ ಬರೆದದ್ದು ಒಂದೇ: "ಕರಿಮೆಣಸು ಸರ್ ಹೋಗಿಬಿಟ್ರು." ಆ ಹೆಸರು ಹೇಗೆ ಬಂತು ಅಂತ ಈಗಿನ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ.

1999ರ ಜೂನ್. ನಾವಾಗ ಹತ್ತನೇ ಕ್ಲಾಸು. ಕಾರ್ಗಿಲ್ ಯುದ್ಧ ನಡೆಯುತ್ತಿತ್ತು. ಕೊಡಗಿನ ಶಾಲೆ ಅಂದಮೇಲೆ ಕೇಳಬೇಕಾ? ಒಬ್ಬರ ಅಣ್ಣ, ಇನ್ನೊಬ್ಬರ ಮಾವ ಮಿಲಿಟರಿಯಲ್ಲಿ. ಸರ್ ಪುಸ್ತಕ ಮುಚ್ಚಿಟ್ಟು ಮೊದಲ ಮಹಾಯುದ್ಧದ ಸಿಪಾಯಿಗಳ ಕಾಗದಗಳ ಬಗ್ಗೆ ಹೇಳತೊಡಗಿದರು. 1914ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸಿನ ಮಾರ್ಸೇಲ್ಸ್ ಬಂದರಿನಲ್ಲಿ ಬ್ರಿಟಿಷರ ಪರ ಹೋರಾಡಲು ಇಳಿದ ಭಾರತದ ಸಿಪಾಯಿಗಳಲ್ಲಿ ಎಷ್ಟೋ ಜನಕ್ಕೆ ಓದು ಬರಹ ಇರಲಿಲ್ಲ. ಬಲ್ಲವರ ಕೈಲಿ ಬರೆಸುತ್ತಿದ್ದರು. ಸೆನ್ಸಾರ್ ಅಧಿಕಾರಿಗಳು ಅವನ್ನೆಲ್ಲ ಓದಿ, ಮುಖ್ಯ ಅನಿಸಿದ್ದನ್ನು ಇಂಗ್ಲಿಷಿಗೆ ಇಳಿಸಿ ವರದಿ ಮಾಡುತ್ತಿದ್ದರು. ಆ ವರದಿಗಳು ಈಗಲೂ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಗಾಯಗೊಂಡು ಇಂಗ್ಲೆಂಡಿನ ಆಸ್ಪತ್ರೆ ಸೇರಿದ ಒಬ್ಬ ರಜಪೂತ 1915ರಲ್ಲಿ ಬರೆದಿದ್ದನಂತೆ, ಇದು ಯುದ್ಧವಲ್ಲ, ಲೋಕದ ಕೊನೆ, ಮಹಾಭಾರತದಲ್ಲಿ ಕೇಳಿದಂಥದ್ದೇ ಅಂತ. ಅದನ್ನು ಹೇಳುವಾಗ ಸರ್ ಧ್ವನಿ ಏರಿಸಲಿಲ್ಲ. ಹಿಂದಿನ ಬೆಂಚಿನವರೂ ಗಪ್‌ಚುಪ್.

ಸೆನ್ಸಾರ್ ಕಣ್ಣು ತಪ್ಪಿಸಲು ಸಿಪಾಯಿಗಳು ಗುಟ್ಟಿನ ಮಾತು ಬಳಸುತ್ತಿದ್ದರು. ಕರಿಮೆಣಸು ಅಂದ್ರೆ ಭಾರತದ ಸೈನಿಕರು, ಕೆಂಪು ಮೆಣಸು ಅಂದ್ರೆ ಬಿಳಿಯರು. ಕರಿಮೆಣಸು ಮುಗಿಯುತ್ತಾ ಬಂತು, ಈಗ ಕೆಂಪು ಮೆಣಸು ಹಾಕುತ್ತಿದ್ದಾರೆ, ಆದರೆ ಖಾರ ಜಾಸ್ತಿ ಕರಿದಕ್ಕೇ!

ತೋಟದಲ್ಲಿ ಮೆಣಸು ಕುಯ್ದು ಬೆಳೆದ ನಮಗೆ ಇಷ್ಟು ಸಾಕಾಗಿತ್ತು. ಮರುದಿನವೇ ಚೀಟಿಗಳು ಓಡಾಡಿದವು. ಕರಿಮೆಣಸು ನಾವು, ಕೆಂಪು ಮೆಣಸು ಮೇಷ್ಟ್ರುಗಳು. "ಮಧ್ಯಾಹ್ನ ಕರಿಮೆಣಸು ಹೊಳೆಯಲ್ಲಿ ಒಣಗುತ್ತೆ" ಅಂದ್ರೆ ಗಣಿತ ಕ್ಲಾಸಿಗೆ ಚಕ್ಕರ್, ಈಜಾಟ. ಆ ಚೀಟಿ ಬರೆದವನು ನಾನೇ. ಅದು ಸರ್ ಕೈಗೆ ಸಿಕ್ಕಿತು. ಅವರು ಹೊಡೆಯಲಿಲ್ಲ. ಕೆಂಪು ಶಾಯಿಯಲ್ಲಿ ಕೆಳಗೆ ಬರೆದು ವಾಪಸ್ ಕಳಿಸಿದರು: "ಮಳೆಗಾಲದಲ್ಲಿ ಮೆಣಸು ಒಣಗುವುದಿಲ್ಲ. ಸೆನ್ಸಾರ್." ಅಲ್ಲಿಂದ ಅವರು ನಮಗೆ ಕರಿಮೆಣಸು ಸರ್.

ಅದೇ ತಿಂಗಳು ನಮ್ಮ ಕ್ಲಾಸಿನ ಹುಡುಗಿಯೊಬ್ಬಳ ಅಣ್ಣನಿಂದ ಇನ್‌ಲ್ಯಾಂಡ್ ಲೆಟರ್ ಬಂತು. ಕಳಿಸಿದವರ ವಿಳಾಸದಲ್ಲಿ ಊರಿಲ್ಲ, ಬರೀ 56 ಎಪಿಓ, ಅಂದ್ರೆ ಸೇನೆಯ ಅಂಚೆ ಕಚೇರಿ. ಒಳಗೆ ಯುದ್ಧದ ಸುದ್ದಿಯೇ ಇಲ್ಲ. ನಾಟಿ ಶುರುವಾಯ್ತಾ, ಗಬ್ಬದ ಹಸು ಕರು ಹಾಕಿತಾ ಅಂತ ಕೇಳಿದ್ದ. ಅವಳೇ ಅದನ್ನು ಸರ್‌ಗೆ ತೋರಿಸಿದಳು. ಸರ್ ಕೇಳಿದರು: "ಇದರಲ್ಲಿ ಏನು ಬರೆದಿಲ್ಲ, ಹೇಳ್ರೋ." ಆಮೇಲೆ ನಾನು ಯಾವ ಕಾಗದವನ್ನೂ ಸುಮ್ನೆ ಓದಿಲ್ಲ. ಅವಳ ಅಣ್ಣ ಕ್ಷೇಮವಾಗಿ ಬಂದರು.

ಈಗ ನನ್ನ ಮಗಳ ಚರಿತ್ರೆ ನೋಟ್ಸ್ ನೋಡಿದರೆ ಬೇಸರವಾಗುತ್ತದೆ. ಮಹಾಯುದ್ಧಕ್ಕೆ ಐದು ಕಾರಣ, ನಾಲ್ಕು ಪರಿಣಾಮ, ಮುಗೀತು. ಮಾರ್ಕ್ಸ್ ಬರುತ್ತೆ, ನಿಜ. ಆದರೆ ಕಂದಕದಲ್ಲಿ ಕೂತಿದ್ದ ಮನುಷ್ಯ ಎಲ್ಲಿ?

ನಾಲ್ಕು ಊರು ಸುತ್ತಿ, ನಿವೃತ್ತ ಯೋಧರ ಮನೆಗಳಲ್ಲಿ ಉಳಿದ ಕಾಗದಗಳನ್ನು ಸ್ಕ್ಯಾನ್ ಮಾಡಿ ಇಟ್ಟಿದ್ದೇನೆ. ನಮ್ಮ ಭಾಗದಲ್ಲಿ ಇಂಥ ಕೆಲಸ ಬೇರೆ ಯಾರೂ ಮಾಡಿದ್ದು ನಾನು ಕಂಡಿಲ್ಲ. ಇದಕ್ಕೆ ಕಾರಣ ಸರ್. ಅವರಿಗೆ ಕೆಲವನ್ನು ತೋರಿಸಲು ಸಾಧ್ಯವಾಯಿತು ಅನ್ನೋದೇ ಸಮಾಧಾನ. ಬರುವ ಪುನರ್ಮಿಲನದಲ್ಲಿ ಅವರ ಹೆಸರಲ್ಲಿ ಈ ಕಾಗದಗಳನ್ನು ಶಾಲೆಯಲ್ಲಿ ಪ್ರದರ್ಶನಕ್ಕೆ ಇಡುತ್ತಿದ್ದೇವೆ. ನಿಮ್ಮ ಮನೆಯ ಟ್ರಂಕಿನಲ್ಲಿ ಇದ್ದರೆ ತನ್ನಿ. ಮೂಲ ಕೊಡಬೇಕಿಲ್ಲ, ಫೋಟೋ ತೆಗೆದು ಅಲ್ಲೇ ವಾಪಸ್ ಕೊಡುತ್ತೇವೆ.