ಚೀಸ್ ಸೋರುವುದಕ್ಕೆ ಉರಿಯೊಂದೇ ಕಾರಣವಲ್ಲ

ಮೈಸೂರಿನ ಗೋಕುಲಂನಲ್ಲಿರುವ ನಮ್ಮ ಹೋಟೆಲಿನಲ್ಲಿ ಚೀಸ್ ತುಂಬಿ ಟೊಮೆಟೊ ಸಾಸಿನಲ್ಲಿ ಬೇಯಿಸಿದ ಚಿಕನ್ ಉಂಡೆಯನ್ನು ಕೇಳುವವರು ಯೋಗ ಕಲಿಯಲು ಬಂದ ವಿದೇಶಿಯರಲ್ಲ. ಅವರಲ್ಲಿ ಹಲವರು ಮಾಂಸವನ್ನೇ ಮುಟ್ಟುವುದಿಲ್ಲ. ಭಾನುವಾರ ಮಕ್ಕಳೊಂದಿಗೆ ಬರುವ ಊರಿನವರಿಗೇ ಅದು ಬೇಕು.

ಅಡುಗೆಮನೆಗೆ ಹೊಸದಾಗಿ ಸೇರಿದ ಹುಡುಗರಿಗೆ ಇದನ್ನು ಒಪ್ಪಿಸಿದರೆ ಸಾಸಿನ ಮೇಲೆ ಚೀಸ್ ತೇಲುವುದು ಖಂಡಿತ. ಕೇಳಿದರೆ ಒಂದೇ ಉತ್ತರ: "ಅಣ್ಣ, ಉರಿ ಜಾಸ್ತಿಯಾಯಿತು." ಉರಿಯ ಪಾಲೂ ಇದೆ. ಆದರೆ ಬಹುತೇಕ ಸಲ ಕೆಲಸ ಕೆಟ್ಟಿರುವುದು ಒಲೆ ಹಚ್ಚುವ ಮೊದಲೇ.

ಮನೆಯಲ್ಲಿ ಮಟನ್ ಕೈಮಾ ಉಂಡೆ ಸಾರು ನೋಡಿ ಬೆಳೆದವರು ಕೋಳಿಯ ಕೈಮಾವನ್ನೂ ಅದೇ ಧೈರ್ಯದಲ್ಲಿ ಹಿಡಿಯುತ್ತಾರೆ. ಕೋಳಿಯಲ್ಲಿ ಕೊಬ್ಬು ಕಡಿಮೆ, ನೀರು ಹೆಚ್ಚು. ಬರೀ ಎದೆಯ ಮಾಂಸವಾದರೆ ಉಂಡೆ ಒಣಗುತ್ತದೆ. ನಾನು ತೊಡೆಯ ಮಾಂಸವನ್ನೇ ಹೆಚ್ಚು ಬಳಸುತ್ತೇನೆ. ಒಂದು ಕಿಲೋ ತಣ್ಣನೆಯ ಕೈಮಾಕ್ಕೆ ಮೊದಲು 12 ಗ್ರಾಂ ಉಪ್ಪು ಮಾತ್ರ ಹಾಕಿ ನಾದಬೇಕು. ಉಪ್ಪು ಮಾಂಸದ ಪ್ರೋಟೀನನ್ನು ಹೊರತೆಗೆದು ಅಂಟಾಗಿಸುತ್ತದೆ. ಬೆಂದ ಮೇಲೆ ಚೀಸನ್ನು ತಡೆದು ನಿಲ್ಲಿಸುವುದು ಆ ಅಂಟೇ. ಸ್ವಲ್ಪ ಕೈಮಾವನ್ನು ಅಂಗೈಗೆ ಒತ್ತಿ ಕೈ ಮಗುಚಿ ನೋಡಿ. ಬಿದ್ದರೆ ಇನ್ನೂ ನಾದಬೇಕು. ಆಮೇಲೆ ಹುರಿದು ಪೂರ್ತಿ ಆರಿಸಿದ ಈರುಳ್ಳಿ, ಮೆಣಸಿನ ಪುಡಿ, ಹುರಿಗಡಲೆ ಹಿಟ್ಟು. ಹಸಿ ಈರುಳ್ಳಿ ಬೇಡ, ನೀರು ಬಿಟ್ಟು ಉಂಡೆಯನ್ನು ಬಿರಿಸುತ್ತದೆ. ಪುಸ್ತಕಗಳು ಹಾಲಿನಲ್ಲಿ ನೆನೆಸಿದ ಬ್ರೆಡ್ ಹಾಕಲು ಹೇಳುತ್ತವೆ. ಅದರಿಂದ ಉಂಡೆ ಮೃದುವಾಗುವುದು ನಿಜ, ಆದರೆ ಹೊಟ್ಟೆಯಲ್ಲಿ ಚೀಸ್ ಇಟ್ಟುಕೊಂಡ ಉಂಡೆಗೆ ನನಗೆ ಹುರಿಗಡಲೆಯ ಮೇಲೆಯೇ ನಂಬಿಕೆ.

ನೀರಿನಲ್ಲಿಟ್ಟು ಮಾರುವ ತಾಜಾ ಮೊಝರೆಲ್ಲಾ ಇದಕ್ಕೆ ಆಗದು. ಅದರ ತೇವ ಆವಿಯಾಗಿ ದಾರಿ ಹುಡುಕುತ್ತದೆ. ಪಿಜ್ಜಾಕ್ಕೆ ಹಾಕುವ ಗಟ್ಟಿ ಮೊಝರೆಲ್ಲಾ ಸಾಕು. ಪನೀರ್ ಸೋರುವುದಿಲ್ಲ ನಿಜ, ಕರಗುವುದೂ ಇಲ್ಲ. ಅಡಿಕೆ ಗಾತ್ರದ ತುಂಡುಗಳನ್ನು ಫ್ರೀಜರಿನಲ್ಲಿ ಕಲ್ಲಾಗಿಸಿ, ಒದ್ದೆ ಕೈಯಿಂದ ಕೈಮಾ ತಟ್ಟಿ, ನಡುವೆ ಇಟ್ಟು ಮುಚ್ಚಬೇಕು. ಬಿರುಕು ಕಂಡರೆ ಬೆರಳು ಒದ್ದೆ ಮಾಡಿ ಸವರಬೇಕು. ಕಟ್ಟಿದ ಉಂಡೆಗಳು ಅರ್ಧ ಗಂಟೆ ಫ್ರಿಜ್ಜಿನಲ್ಲಿರಲಿ. ಭಾನುವಾರದ ಗಡಿಬಿಡಿಯಲ್ಲಿ ಹುಡುಗರು ಮೊದಲು ಕತ್ತರಿ ಹಾಕುವುದು ಈ ಅರ್ಧ ಗಂಟೆಗೇ.

ಸಾಸಿಗೆ ಹುಳಿಯ ನಾಟಿ ಟೊಮೆಟೊ, ತಿರುಳು ದಪ್ಪವಿರುವ ಹೈಬ್ರಿಡ್ ಎರಡನ್ನೂ ಸೇರಿಸುತ್ತೇನೆ. ಉಂಡೆಗಳು ಅರ್ಧದಷ್ಟಾದರೂ ಮುಳುಗುವಷ್ಟು ಸಾಸು ಬೇಕು. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದಾಗ ಸಾಸಿಗೆ ಕೈ ಬಿಗಿ ಹಿಡಿಯುವ ಬದಲು ಈ ಉಂಡೆಯನ್ನೇ ಪಟ್ಟಿಯಿಂದ ತೆಗೆಯಿರಿ ಎಂದು ಮಾಲೀಕರಿಗೆ ಹೇಳಿದೆ. ಉಂಡೆಗಳನ್ನು ಬಾಣಲೆಯಲ್ಲಿ ಕೆಂಪಗೆ ಮಾಡಿ ಸಾಸಿಗೆ ಇಳಿಸಿದ ಮೇಲೆ ಕುದಿ ಕೊತಕೊತ ಎನ್ನಬಾರದು, ಅಂಚಿನಲ್ಲಿ ಗುಳ್ಳೆ ಆಡುತ್ತಿದ್ದರೆ ಸರಿ. ಹಾಗೆಂದು ಹಸಿಯಾಗಿ ತೆಗೆಯುವಂತಿಲ್ಲ: ಕೋಳಿಯ ಕೈಮಾ ಒಳಗೆ 74 ಡಿಗ್ರಿ ಸೆಲ್ಸಿಯಸ್ ತಲುಪಲೇಬೇಕು. ಥರ್ಮಾಮೀಟರನ್ನು ಒಂದೇ ಉಂಡೆಗೆ, ಅದೂ ಚೀಸಿನ ಪಕ್ಕದ ಮಾಂಸಕ್ಕೆ ಚುಚ್ಚಿ ನೋಡುತ್ತೇವೆ.

ಚುಚ್ಚಿದ್ದು, ಸೋರಿದ್ದು ಗಿರಾಕಿಯ ತಟ್ಟೆಗೆ ಹೋಗುವುದಿಲ್ಲ. ಸಿಬ್ಬಂದಿಯ ಊಟಕ್ಕೆ ಮುದ್ದೆಯ ಜೊತೆ ಬರುತ್ತದೆ. ಮುದ್ದೆಗೂ ಚೀಸಿಗೂ ಹೊಂದುವುದಿಲ್ಲ ಎನ್ನುವವರು ನಮ್ಮಲ್ಲೇ ಇದ್ದಾರೆ. ನಾನು ಆ ಪಕ್ಷದವನಲ್ಲ.